ಹಿಂದಿನ ಸಾಲಿನ ದನಿ

ಇಂಗ್ಲೆಂಡಿನ ರಾಕ್ ತಂಡ ಜೆನೆಸಿಸ್‌ನ ‘ಎ ಟ್ರಿಕ್ ಆಫ್ ದ ಟೇಲ್’ ಎಲ್‌ಪಿ ತಟ್ಟೆ ನಮ್ಮ ಮನೆಯ ಕಪಾಟಿನಲ್ಲಿ ಹನ್ನೊಂದು ವರ್ಷ ಇತ್ತು. ಅಷ್ಟು ದಿನವೂ ನಾನು ಅದನ್ನು ಒಮ್ಮೆಯೂ ಹಾಕಿ ಕೇಳಿರಲಿಲ್ಲ. ನಾನು ಲಂಡನ್‌ನಲ್ಲಿದ್ದಾಗ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಮನೆ ಖಾಲಿ ಮಾಡುವಾಗ ಒಂದು ಪೆಟ್ಟಿಗೆ ತುಂಬ ಎಲ್‌ಪಿಗಳನ್ನು ಕೊಟ್ಟಿದ್ದರು. ಅದರಲ್ಲಿದ್ದ, ಇದೇ ತಂಡದ 1972ರ ‘ಫಾಕ್ಸ್‌ಟ್ರಾಟ್’ ಅನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೆ. ಆದರೆ 1975ರಲ್ಲಿ ಗಾಯಕ ಪೀಟರ್ ಗೇಬ್ರಿಯಲ್ ತಂಡ ಬಿಟ್ಟ ಮೇಲೆ ಉಳಿದ ನಾಲ್ವರು ಮಾಡಿದ ಈ ಮೊದಲ ಎಲ್‌ಪಿಯನ್ನು ಮುಟ್ಟಲು ಮನಸ್ಸಾಗಿರಲಿಲ್ಲ. ನರಿಯ ಮುಖವಾಡ ಹಾಕಿ, ಕೆಂಪು ಉಡುಪು ತೊಟ್ಟು ರಂಗಕ್ಕೆ ಬರುತ್ತಿದ್ದ ಆ ಗಾಯಕನಿಲ್ಲದೆ ಆ ತಂಡಕ್ಕೆ ಜೀವವೇ ಇರಲಾರದೆಂದು ನಾನು ಕೇಳುವ ಮೊದಲೇ ತೀರ್ಮಾನಿಸಿಬಿಟ್ಟಿದ್ದೆ.

ಕಳೆದ ಆಷಾಢದ ಒಂದು ಭಾನುವಾರ, ಹೊರಗೆ ಮಳೆ ಹಿಡಿದಿದ್ದಾಗ, ಮಗಳು ಕಪಾಟಿನಿಂದ ಅದನ್ನು ಎಳೆದು ತೆಗೆದಳು. “ಅಪ್ಪಾ, ಇದನ್ನ ಯಾಕೆ ಹಾಕೋದೇ ಇಲ್ಲ?” ಎಂದು ಕೇಳಿದಳು. ಹಳೆಯ ಕಾಗದದ ಬಣ್ಣದ ಹೊದಿಕೆಯ ಮೇಲೆ ಹಾಡುಗಳ ಪಾತ್ರಗಳನ್ನೆಲ್ಲ ಚಿತ್ರಿಸಿದ್ದಾರೆ. ಅವಳಿಗೆ ಇಷ್ಟವಾಗಿದ್ದು ಅದೇ. ನಾನು ಉತ್ತರ ಹುಡುಕುತ್ತಿರುವಾಗಲೇ ಅವಳು ಮುಳ್ಳನ್ನು ಇಳಿಸಿಯಾಗಿತ್ತು.

ಮೊದಲ ಹಾಡು ‘ಡಾನ್ಸ್ ಆನ್ ಎ ವಾಲ್ಕೇನೋ’. ಚಿಕ್ಕಂದಿನಲ್ಲಿ ಸಂಗೀತದ ಮೇಷ್ಟ್ರು ತೊಡೆ ತಟ್ಟಿಸಿ ಏಳೆಣಿಕೆಯ ಮಿಶ್ರ ಚಾಪು ತಾಳ ಕಲಿಸಿದ್ದರಿಂದ ನನ್ನ ಬೆರಳುಗಳು ತಾವಾಗಿಯೇ ಎಣಿಸತೊಡಗಿದವು: ಏಳು, ಮತ್ತೆ ಏಳು. ಅಷ್ಟು ಬಿಗಿಯಾದ ಲೆಕ್ಕದ ಮೇಲೆ ನಾಲ್ವರೂ ಎಲ್ಲಿಯೂ ತಡವರಿಸದೆ ಓಡುತ್ತಿದ್ದಾರೆ, ಮತ್ತು ಅದರ ನಡುವೆ ಡ್ರಮ್ಸ್ ನುಡಿಸಿದವರೇ ಹಾಡನ್ನೂ ಹಾಡಿದ್ದಾರೆ. ಗೇಬ್ರಿಯಲ್ ಹೋದ ಮೇಲೆ ತಂಡದವರು ಹೊಸ ಗಾಯಕನಿಗಾಗಿ ಬಹಳ ಮಂದಿಯನ್ನು ಪರೀಕ್ಷಿಸಿದರು. ಬಂದವರಿಗೆ ಹಾಡು ಹೇಗಿರಬೇಕೆಂದು ಹಾಡಿ ತೋರಿಸುತ್ತಿದ್ದವರು ಡ್ರಮ್ಸ್‌ನ ಫಿಲ್ ಕಾಲಿನ್ಸ್. ಕೊನೆಗೆ ಲಂಡನ್‌ನ ಟ್ರೈಡೆಂಟ್ ಸ್ಟುಡಿಯೊದಲ್ಲಿ ನಿರ್ಮಾಪಕ ಡೇವಿಡ್ ಹೆಂಟ್ಷೆಲ್ ಜೊತೆ ಧ್ವನಿಮುದ್ರಣ ನಡೆದಾಗ ಎಲ್ಲ ಹಾಡುಗಳನ್ನೂ ಹಾಡಿದವರು ಅವರೇ. ಇದೆಲ್ಲ ನನಗೆ ಓದಿ ಗೊತ್ತಿತ್ತು. ಆದರೆ ಗೊತ್ತಿರುವುದಕ್ಕೂ ಕಿವಿಗೆ ಬೀಳುವುದಕ್ಕೂ ಬಹಳ ಅಂತರವಿದೆ.

‘ಎನ್‌ಟ್ಯಾಂಗಲ್ಡ್’ ಬಂದಾಗ ಮಗಳು ಚಿತ್ರ ನೋಡುವುದನ್ನು ಬಿಟ್ಟು ಹತ್ತಿರ ಬಂದು ಕುಳಿತಳು. ಹನ್ನೆರಡು ತಂತಿಯ ಗಿಟಾರುಗಳು ಜೋಗುಳದ ಹಾಗೆ ತೂಗುತ್ತವೆ, ಒಂದರ ಮೇಲೊಂದು ಕೂಡಿಸಿದ ದನಿಗಳು ಮೆಲ್ಲಗೆ ಮೇಲೇಳುತ್ತವೆ, ಕೊನೆಯ ಭಾಗದಲ್ಲಿ ಮಾತು ನಿಂತು ಮೆಲೊಟ್ರಾನ್ ಎಂಬ ಕೀಬೋರ್ಡ್ ವಾದ್ಯದ ಕೋರಸ್ ಮಂಜಿನ ಹಾಗೆ ಕವಿಯುತ್ತದೆ. ನಮ್ಮ ಪ್ರತಿಯಲ್ಲಿ ಅಲ್ಲಿಯೇ ಒಂದು ಗೀರು ಇದೆ. ಮಳೆಯ ಸದ್ದಿನಲ್ಲಿ ಅದೂ ಬೆರೆತುಹೋಯಿತು. “ಇದೂ ಅವರೇ ಹಾಡಿರೋದು ಅಲ್ವಾ, ಫಾಕ್ಸ್‌ಟ್ರಾಟ್ ಅವರು?” ಎಂದಳು ಅವಳು.

ಅಲ್ಲ ಎಂದು ಹೇಳಲು ಬಾಯಿ ತೆರೆದವನು ಸುಮ್ಮನಾದೆ. ಮಡಿಲಲ್ಲಿದ್ದ ಹೊದಿಕೆಯನ್ನು ತಿರುಗಿಸಿ ಹಾಡುಗಳ ಹೆಸರಿನ ಪಕ್ಕದಲ್ಲಿದ್ದುದನ್ನು ಓದಿದೆ. ಅಲ್ಲಿಯವರೆಗೆ ತಮ್ಮ ರಚನೆಗಳನ್ನು ಇಡೀ ತಂಡದ ಹೆಸರಿನಲ್ಲಿ ಹಾಕುತ್ತಿದ್ದ ಇವರು ಇಲ್ಲಿ ಮೊದಲ ಸಲ ಒಂದೊಂದು ಹಾಡಿಗೂ ಅದನ್ನು ಕಟ್ಟಿದವರ ಹೆಸರು ಕೊಟ್ಟಿದ್ದಾರೆ. ಗಿಟಾರಿನ ಹ್ಯಾಕೆಟ್, ಬಾಸ್ ಗಿಟಾರಿನ ರುದರ್‌ಫರ್ಡ್, ಕಾಲಿನ್ಸ್ ಹೆಸರುಗಳು ಅಲ್ಲಲ್ಲಿ ಬರುತ್ತವೆ; ಕೀಬೋರ್ಡ್ ನುಡಿಸುವ ಟೋನಿ ಬ್ಯಾಂಕ್ಸ್ ಹೆಸರು ಎಂಟು ಹಾಡುಗಳಲ್ಲಿ ಎಂಟಕ್ಕೂ ಇದೆ. ನಾನು ಇಷ್ಟು ವರ್ಷ ಗೇಬ್ರಿಯಲ್‌ ಅವರದೆಂದು ಪ್ರೀತಿಸಿದ ಎಷ್ಟೋ ತಿರುವುಗಳು, ಒಂದು ಸ್ವರದಿಂದ ಇನ್ನೊಂದಕ್ಕೆ ಸರಿಯುವಾಗ ಎದೆ ಹಿಂಡುವ ಆ ರೀತಿ, ಈ ಮನುಷ್ಯನ ಕೈಯಿಂದ ಬಂದಿದ್ದಿರಬೇಕು ಎಂದು ಆಗ ಹೊಳೆಯಿತು. ಅವರೊಬ್ಬರೇ ಬರೆದ ‘ಮ್ಯಾಡ್ ಮ್ಯಾನ್ ಮೂನ್’ನ ಪಿಯಾನೊ ಕೇಳುವಾಗ ನನಗೆ ಸಂಶಯ ಉಳಿಯಲಿಲ್ಲ.

ಎರಡನೆಯ ಬದಿಯ ಮೊದಲ ಹಾಡು, ಕಳ್ಳನ ಕಥೆಯದು, ನನ್ನ ಮಟ್ಟಿಗೆ ಇದರಲ್ಲಿ ಎಲ್ಲಕ್ಕಿಂತ ತೆಳುವಾದದ್ದು. ಆದರೆ ಅದರ ಬೆನ್ನಿಗೇ ಬರುವ ‘ರಿಪಲ್ಸ್’ ಮುಪ್ಪಿನ ಕುರಿತು ಎಂಥ ಮೃದುವಾದ ಹಾಡು! ಕಾಲಿನ್ಸ್ ಅಲ್ಲಿ ನಾಟಕ ಮಾಡುವುದಿಲ್ಲ, ಹಾಡಿನ ಮುಂದೆ ಬಂದು ನಿಲ್ಲುವುದೂ ಇಲ್ಲ. ಗೇಬ್ರಿಯಲ್ ಪಾತ್ರವೇ ಆಗಿ ಹಾಡುತ್ತಿದ್ದರು. ಇವರು ಪಕ್ಕದಲ್ಲಿ ಕುಳಿತು ಆ ಪಾತ್ರದ ಕಥೆ ಹೇಳುತ್ತಾರೆ.

ಕೊನೆಯ ‘ಲಾಸ್ ಎಂಡೋಸ್’ ವಾದ್ಯಗಳದ್ದೇ ಹಾಡು. ಹಿಂದೆ ಕೇಳಿದ ರಾಗದ ತುಣುಕುಗಳು ಅದರಲ್ಲಿ ಒಂದೊಂದಾಗಿ ಮರಳಿ ಬರುತ್ತವೆ. ಸದ್ದು ಇಳಿಯುತ್ತ ಹೋದಂತೆ ದೂರದಲ್ಲಿ ಕಾಲಿನ್ಸ್ ದನಿ ಕೇಳಿತು. ಅವರು ಹಾಡುತ್ತಿದ್ದುದು ‘ಫಾಕ್ಸ್‌ಟ್ರಾಟ್’ನ ಎರಡನೆಯ ಬದಿಯನ್ನು ಹೆಚ್ಚುಕಡಿಮೆ ಪೂರ್ತಿ ತುಂಬಿರುವ ‘ಸಪ್ಪರ್ಸ್ ರೆಡಿ’ಯ ಕೊನೆಯ ಭಾಗದ ಒಂದು ಸಾಲು. ಬಿಟ್ಟುಹೋದ ಗೆಳೆಯನನ್ನು ಅವನ ಹೆಸರೆತ್ತದೆ ಬೀಳ್ಕೊಡುವ ಹಾಗಿತ್ತು. ನನ್ನ ಕಣ್ಣು ತುಂಬಿತು.

ಮಗಳು ಕೇಳುವ ಮೊದಲೇ ನಾನು ಎದ್ದು ‘ಫಾಕ್ಸ್‌ಟ್ರಾಟ್’ ತೆಗೆದೆ. ಅದರ ಹೊದಿಕೆಯಲ್ಲಿ ಕಾಲಿನ್ಸ್ ಹೆಸರಿನ ಮುಂದೆ ಡ್ರಮ್ಸ್ ಜೊತೆಗೆ ಹಿನ್ನೆಲೆ ಗಾಯನವೆಂದೂ ಇದೆ. ಅದನ್ನು ನಾನು ಎಂದೂ ಗಮನವಿಟ್ಟು ಓದಿರಲಿಲ್ಲ. ಆ ಇಪ್ಪತ್ತಮೂರು ನಿಮಿಷಗಳ ಹಾಡನ್ನು ಇಬ್ಬರೂ ಮಾತಿಲ್ಲದೆ ಕೇಳಿದೆವು. ಈ ಸಲ ನಾನು ಗೇಬ್ರಿಯಲ್ ದನಿಯನ್ನು ಪಕ್ಕಕ್ಕೆ ಸರಿಸಿ, ಅದರ ಹಿಂದೆ ಇರುವ ಇನ್ನೊಂದು ದನಿಗಾಗಿ ಕಿವಿಗೊಟ್ಟು ಕುಳಿತೆ.