ಚಿಕ್ಕಪ್ಪ ಲಸಿಕೆ ಬೇಡ ಎಂದ ದಿನ

2021ರಲ್ಲಿ ಚಿಕ್ಕಪ್ಪನಿಗೆ ಕೊರೋನಾ ಲಸಿಕೆಯ ಸರದಿ ಬಂತು. ಹಾಕಿಸಿಕೊಳ್ಳಲ್ಲ ಎಂದು ಹಠ ಹಿಡಿದರು. ಮಗಳು ಜಗಳವಾಡಿ ಫೋನ್ ಮಾಡುವುದನ್ನೇ ಬಿಟ್ಟಳು. "ನೀನಾದ್ರೂ ಬಂದು ಮಾತಾಡು" ಎಂದು ಚಿಕ್ಕಮ್ಮ ಕರೆದರು.

ಹೋದೆ. ಚಿಕ್ಕಪ್ಪ ಒಂದಾದ ಮೇಲೊಂದು ವಿಡಿಯೋ ತೋರಿಸಿದರು. ಒಂದರಲ್ಲಿ ವೈರಸ್ಸೇ ಇಲ್ಲ, ಎಲ್ಲ ನಾಟಕ ಅಂತ. ಇನ್ನೊಂದರಲ್ಲಿ ಜನರನ್ನು ಕೊಲ್ಲಲೆಂದೇ ಅದನ್ನು ತಯಾರಿಸಿದರು ಅಂತ. ಮತ್ತೊಂದರಲ್ಲಿ 5ಜಿ ಟವರ್ ಕಾರಣ. ಈ 5ಜಿ ಮಾತು ನಂಬಿ 2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ ಟವರ್‌ಗಳಿಗೇ ಬೆಂಕಿ ಇಟ್ಟಿದ್ದರು. 5ಜಿ ಇಲ್ಲದ ದೇಶಗಳಲ್ಲೂ ಕಾಯಿಲೆ ಹರಡುತ್ತಲೇ ಇತ್ತು.

"ಚಿಕ್ಕಪ್ಪಾ, ವೈರಸ್ಸೇ ಇಲ್ಲ ಅಂದ್ಮೇಲೆ ಅದನ್ನ ತಯಾರಿಸಿದ್ದು ಹೇಗೆ?" ಎಂದೆ.

"ಅದೆಲ್ಲ ಇರಲಿ. ನಮ್ಮಿಂದ ಏನೋ ಮುಚ್ಚಿಡ್ತಿದ್ದಾರೆ. ಅದಂತೂ ನಿಜ" ಎಂದರು.

ಅಸಲು ವಿಷಯ ಅಲ್ಲೇ ಇತ್ತು. 2012ರಲ್ಲಿ ಬ್ರಿಟನ್ನಿನ ಕೆಂಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಇದನ್ನೇ ಕಂಡಿದ್ದರು. ರಾಜಕುಮಾರಿ ಡಯಾನಾ ಕೊಲೆಯಾದರು ಎಂದು ಹೆಚ್ಚು ನಂಬಿದವರೇ, ಅವರು ಸತ್ತಂತೆ ನಟಿಸಿದರು ಎಂಬುದನ್ನೂ ಹೆಚ್ಚು ನಂಬುತ್ತಿದ್ದರು. ಕಥೆಗೂ ಕಥೆಗೂ ತಾಳೆ ಆಗಬೇಕಿಲ್ಲ. ಮೇಲಿರುವವರು ಸುಳ್ಳು ಹೇಳುತ್ತಾರೆ ಎಂಬ ಅನುಮಾನ ಇದ್ದರೆ ಸಾಕು. ಒಂದೊಂದೇ ವಿಡಿಯೋ ಹಿಡಿದು ವಾದ ಮಾಡಿದರೆ ಜಗಳ ಮುಗಿಯೋದೇ ಇಲ್ಲ.

ಮೊಬೈಲ್ ಪಕ್ಕಕ್ಕಿಡಿಸಿ, ರಾತ್ರಿ ನಿದ್ದೆ ಬರುತ್ತಾ ಎಂದು ಕೇಳಿದೆ. ಬರಲ್ಲ ಎಂದರು. ನಿಧಾನವಾಗಿ ಅವರ ಹಳೆಯ ಗೆಳೆಯನ ಮಾತು ಬಂತು. ಆಸ್ಪತ್ರೆಗೆ ನಡೆದುಕೊಂಡೇ ಹೋದವರು ವಾಪಸ್ ಬರಲಿಲ್ಲ. ಮುಖ ನೋಡಲೂ ಬಿಡಲಿಲ್ಲ. ಏನಾಯಿತು ಎಂದು ಯಾರೂ ಸರಿಯಾಗಿ ಹೇಳಲಿಲ್ಲ. ಆಗ ಎಷ್ಟೋ ಮನೆಗಳಲ್ಲಿ ಹೀಗೇ ಆಯ್ತಲ್ವಾ? ನಡುರಾತ್ರಿ ಎದ್ದು ಕೂತರೆ ಆ ವಿಡಿಯೋಗಳು ಬರುತ್ತಿದ್ದ ವಾಟ್ಸಾಪ್ ಗುಂಪಿನಲ್ಲಿ ಉತ್ತರ ಕೊಡುವವರಿದ್ದರು. ಮನೆಯಲ್ಲಿ ನಗುತ್ತಿದ್ದರು, ಇಲ್ಲ ಬೈಯುತ್ತಿದ್ದರು. ಬೈದಷ್ಟೂ ಅವರು ಆ ಕಡೆಗೇ ಜಾಸ್ತಿ ವಾಲಿದರು.

"ನನ್ನನ್ನೂ ಹಾಗೇ ಒಳಗೆ ಹಾಕಿ ಬಾಗಿಲು ಮುಚ್ಚಿದ್ರೆ?" ಎಂದರು. ಅವರಿಗೆ ಮೊದಲಿನಿಂದ ಪರಿಚಯವಿದ್ದ ಡಾಕ್ಟರಿಗೆ ಫೋನ್ ಮಾಡಿಕೊಟ್ಟೆ. ಲಸಿಕೆ ಹಾಕಿಸಿಕೊಂಡ ಮೇಲೆ ಜ್ವರ, ಮೈಕೈ ನೋವು ಬರಬಹುದು, ಅಪರೂಪಕ್ಕೆ ಅಲರ್ಜಿಯೂ ಆಗಬಹುದು, ಅದಕ್ಕೇ ಸ್ವಲ್ಪ ಹೊತ್ತು ಅಲ್ಲೇ ಕೂರಿಸುತ್ತಾರೆ ಎಂದು ಡಾಕ್ಟರು ಹೇಳಿದರು. ಏನೂ ಆಗಲ್ಲ ಎಂದು ಸುಮ್ನೆ ಸಮಾಧಾನ ಮಾಡಲಿಲ್ಲ. ಚಿಕ್ಕಪ್ಪನಿಗೆ ಅದೇ ಹಿಡಿಸಿತು.

ಆ ದಿನ ಒಪ್ಪಲಿಲ್ಲ. ಕೆಲವು ವಾರಗಳಾದ ಮೇಲೆ ಮಗಳೇ ಬಂದು ಜೊತೆಗೆ ಕರೆದುಕೊಂಡು ಹೋದಳು. ಅಂಥ ವಿಡಿಯೋಗಳು ಅವರಿಗೆ ಈಗಲೂ ಬರುತ್ತವೆ. ಕೆಲವನ್ನು ನನಗೆ ಕಳಿಸಿ, "ಇದು ನಿಜಾನಾ ನೋಡು" ಅನ್ನುತ್ತಾರೆ.