ನೆಲವೇ ಸಾಕ್ಷಿ ಹೇಳುವ ಅಂಕಣದಲ್ಲಿ

ಪ್ಯಾರಿಸ್ ಮೆಟ್ರೊದ 10ನೇ ಮಾರ್ಗದಲ್ಲಿ ಪೋರ್ತ್ ದೋತೈ ನಿಲ್ದಾಣಕ್ಕೆ ಬಂದಿಳಿದವರು ರೋಲ್ಯಾಂಡ್ ಗ್ಯಾರೋಸ್ ಟೆನಿಸ್ ಕ್ರೀಡಾಂಗಣಕ್ಕೆ ದಾರಿ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಮೇ ತಿಂಗಳ ಕೊನೆಯ ವಾರದ ಆ ಬೆಳಿಗ್ಗೆ ಬಿಸಿಲ ಟೋಪಿ ಧರಿಸಿದ ಜನರ ಹೊಳೆಯೇ ಆ ಕಡೆಗೆ ಹರಿಯುತ್ತಿತ್ತು. ನಾನೂ ಅದರೊಳಗೆ ಸೇರಿಕೊಂಡೆ. ಅಂದು ಅಲ್ಲಿ ನಡೆಯುವ ಫ್ರೆಂಚ್ ಓಪನ್ ಟೆನಿಸ್ ಟೂರ್ನಿಯ ಸಿಂಗಲ್ಸ್ ಮೊದಲ ಸುತ್ತಿನ ಎರಡನೇ ದಿನ. ನನ್ನ ಬಳಿ ಇದ್ದುದು ಹೊರಗಿನ ಸಣ್ಣ ಅಂಕಣಗಳಲ್ಲಿ ಜಾಗ ಸಿಕ್ಕಲ್ಲಿ ಕೂರಬಹುದಾದ ಟಿಕೆಟ್. ಫೈನಲ್ ಬಿಟ್ಟು ಮೊದಲ ಸುತ್ತಿಗಾಗಿ ಅಷ್ಟು ದೂರ ಹೋದದ್ದೇಕೆ ಎಂದು ಕೇಳಿದವರಿದ್ದಾರೆ. ಸಿಂಗಲ್ಸ್ ಎಂದರೇನೆಂಬುದು ಆ ಮೊದಲ ದಿನಗಳಲ್ಲೇ ಚೆನ್ನಾಗಿ ಕಾಣುತ್ತದೆ ಎಂಬುದು ನನ್ನ ನಂಬಿಕೆ.

ಪುರುಷರಲ್ಲಿ 128, ಮಹಿಳೆಯರಲ್ಲಿ 128 ಸ್ಪರ್ಧಿಗಳು. ಪ್ರಶಸ್ತಿಗೆ ಏಳು ಸುತ್ತು ದಾಟಬೇಕು. ಪುರುಷರ ಡ್ರಾದಲ್ಲಿ, ಅಂದರೆ ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿಯಲ್ಲಿ, 104 ಮಂದಿ ರ‍್ಯಾಂಕಿಂಗ್ ಬಲದಿಂದ ನೇರವಾಗಿ ಬಂದರೆ, ಎಂಟು ಮಂದಿಗೆ ವೈಲ್ಡ್ ಕಾರ್ಡ್, ಅಂದರೆ ಸಂಘಟಕರ ವಿಶೇಷ ಪ್ರವೇಶ, ಸಿಗುತ್ತದೆ. ಉಳಿದ 16 ಮಂದಿ ಹಿಂದಿನ ವಾರವೇ ಬಂದು, ಅರ್ಹತಾ ಸುತ್ತಿನ ಮೂರು ಪಂದ್ಯಗಳನ್ನು ಗೆದ್ದು ಒಳಬಂದವರು. 32 ಶ್ರೇಯಾಂಕಿತರು ಮೂರನೇ ಸುತ್ತಿಗೆ ಮೊದಲು ಪರಸ್ಪರ ಎದುರಾಗದಂತೆ ಡ್ರಾ ರಚಿಸಲಾಗುತ್ತದೆ. ಆದರೆ ಅರ್ಹತೆ ಗಳಿಸಿ ಬಂದವನಿಗೆ ಅಂಥ ರಕ್ಷಣೆಯಿಲ್ಲ, ದಣಿದ ಕಾಲುಗಳಲ್ಲೇ ಮೊದಲ ದಿನವೇ ದೊಡ್ಡ ಆಟಗಾರನ ಎದುರು ನಿಲ್ಲಬೇಕಾಗಬಹುದು.

ಅಂಥದ್ದೇ ಒಂದು ಪಂದ್ಯ 14ನೇ ಅಂಕಣದಲ್ಲಿತ್ತು. ಈ ಅಂಕಣವನ್ನು ನೆಲಮಟ್ಟಕ್ಕಿಂತ ತಗ್ಗಿನಲ್ಲಿ ಕಟ್ಟಿರುವುದರಿಂದ ಪ್ರೇಕ್ಷಕರ ಕೂಗು ಹೊರಹೋಗದೆ ಒಳಗೇ ತುಂಬಿಕೊಳ್ಳುತ್ತದೆ. ನನಗೆ ಮೂರನೇ ಸಾಲಿನಲ್ಲಿ, ಅಂಕಣದ ಹಿಂಗೆರೆಯಾದ ಬೇಸ್‌ಲೈನಿನ ಪಕ್ಕದಲ್ಲೇ ಜಾಗ ಸಿಕ್ಕಿತು. ಅರ್ಹತಾ ಸುತ್ತಿನಿಂದ ಬಂದ ಯುವಕ ಪ್ರತಿ ಸರ್ವ್‌ಗೆ ಮೊದಲು ರ‍್ಯಾಕೆಟ್ಟಿನ ಅಂಚಿನಿಂದ ಬೂಟಿನ ಅಟ್ಟೆಗೆ ಎರಡು ಪೆಟ್ಟು ಕೊಡುತ್ತಿದ್ದ. ಅಂಟಿಕೊಂಡಿದ್ದ ಕೆಂಪು ಹುಡಿ ಉದುರುತ್ತಿತ್ತು. ಬದಿ ಬದಲಿಸುವಾಗ ಸಿಗುವ 90 ಸೆಕೆಂಡುಗಳಲ್ಲಿ ಟವೆಲ್ಲನ್ನು ತಲೆಯ ಮೇಲೆ ಹೊದ್ದು ಒಬ್ಬನೇ ಕೂರುತ್ತಿದ್ದ. ಆಸನಗಳ ನಡುವಿನಿಂದ ಕೋಚ್ ಎರಡು ಮಾತು ಹೇಳಬಹುದು, ಆದರೆ ಆಟ ಕೈಕೊಟ್ಟಾಗ ಅವನ ಬದಲಿಗೆ ಇನ್ನೊಬ್ಬನನ್ನು ಇಳಿಸುವಂತಿಲ್ಲ. ಸಿಂಗಲ್ಸ್ ಆಟದ ಈ ಒಂಟಿತನ ಟಿವಿಯಲ್ಲಿ ನನಗೆ ಎಂದೂ ಇಷ್ಟು ತಟ್ಟಿರಲಿಲ್ಲ.

ಟಿವಿಯಲ್ಲಿ ದಕ್ಕದ ಇನ್ನೊಂದು ಸಂಗತಿ ಮಣ್ಣು. ಆವೆಮಣ್ಣಿನ ಅಂಕಣವೆಂದು ನಾವು ಕರೆಯುವ ಈ ನೆಲದ ಮೇಲ್ಪದರ ವಾಸ್ತವದಲ್ಲಿ ಇಟ್ಟಿಗೆಯ ಹುಡಿ. ಅದರ ದಪ್ಪ ಒಂದೆರಡು ಮಿಲಿಮೀಟರ್ ಮಾತ್ರ, ಕೆಳಗಿರುವುದು ಬಿಳಿ ಸುಣ್ಣದ ಕಲ್ಲಿನ ಪದರ. ಚೆಂಡು ಇಲ್ಲಿ ವೇಗ ಕಳೆದುಕೊಂಡು ಎತ್ತರಕ್ಕೆ ಪುಟಿಯುತ್ತದೆ. ಬೇರೆಡೆ ಎದುರಾಳಿಗೆ ಮುಟ್ಟಲೂ ಸಿಗದೆ ಏಸ್ ಆಗುವ ಸರ್ವ್ ಇಲ್ಲಿ ಹಿಂತಿರುಗಿ ಬರುತ್ತದೆ. 14 ಗ್ರ್ಯಾಂಡ್‌ಸ್ಲಾಮ್ ಗೆದ್ದ ಅಮೆರಿಕದ ಪೀಟ್ ಸಾಂಪ್ರಾಸ್‌ಗೂ ಇಲ್ಲಿ ಒಮ್ಮೆಯೂ ಫೈನಲ್ ತಲುಪಲು ಆಗಲಿಲ್ಲ. ಬಿದ್ದ ಪ್ರತಿ ಚೆಂಡೂ ಹುಡಿಯಲ್ಲಿ ಗುರುತು ಬಿಡುವುದರಿಂದ ಗೆರೆಯ ಬಗ್ಗೆ ತಕರಾರೆದ್ದರೆ ನೆಲವೇ ಸಾಕ್ಷಿ ಹೇಳುತ್ತದೆ. ಉಳಿದ ಮೂರೂ ಗ್ರ್ಯಾಂಡ್‌ಸ್ಲಾಮ್‌ಗಳು 2025ರ ಹೊತ್ತಿಗೆ ಗೆರೆಯ ತೀರ್ಪನ್ನು ಯಂತ್ರಕ್ಕೆ ಒಪ್ಪಿಸಿದಾಗಲೂ ಇಲ್ಲಿ ಲೈನ್ ಜಡ್ಜ್‌ಗಳು ಉಳಿದರು. ಚೇರ್ ಅಂಪೈರ್ ಎತ್ತರದ ಕುರ್ಚಿಯಿಂದ ಇಳಿದು, ಓಡಿಬಂದು, ಬಗ್ಗಿ, ಬೆರಳಿನಿಂದ ಗುರುತು ತೋರಿಸುವುದನ್ನು ಅಂದು ನಾಲ್ಕೈದು ಸಲ ನೋಡಿದೆ. ಗುರುತು ತನ್ನ ವಿರುದ್ಧವೇ ಇದೆಯೆಂದು ಕಂಡರೆ ಆಟಗಾರನೇ ಅದನ್ನು ಬೂಟಿನಿಂದ ಒರೆಸಿಬಿಡುವುದುಂಟು. ಪಾಯಿಂಟ್ ಬಿಟ್ಟುಕೊಟ್ಟೆ ಎಂದು ಅದರ ಅರ್ಥ.

ಸೆಟ್ ಮುಗಿದೊಡನೆ ಸಿಬ್ಬಂದಿ ಅಗಲವಾದ ಬಲೆಗಳನ್ನು ಎಳೆದು ಎಲ್ಲ ಹೆಜ್ಜೆಗಳನ್ನೂ ಅಳಿಸುತ್ತಾರೆ, ಗೆರೆಗಳನ್ನು ಗುಡಿಸುತ್ತಾರೆ. ಹಾಗೆ ಅಳಿದುಹೋದವುಗಳಲ್ಲಿ ಬ್ರೆಜಿಲ್‌ನ ಗುಸ್ಟಾವೊ ಕುಯರ್ಟನ್ 2001ರಲ್ಲಿ ಸೋಲಿಗೆ ಒಂದೇ ಪಾಯಿಂಟ್ ಬಾಕಿಯಿದ್ದಾಗ ಪಾರಾಗಿ ಗೆದ್ದ ಮೇಲೆ ರ‍್ಯಾಕೆಟ್ಟಿನಿಂದ ಮಣ್ಣಿನಲ್ಲಿ ಬರೆದ ದೊಡ್ಡ ಹೃದಯವೂ ಒಂದು. ಅಳಿಸದೆ ಉಳಿಸಿಕೊಂಡಿರುವುದು ಒಂದೇ ಹೆಜ್ಜೆ: 14 ಬಾರಿ ಚಾಂಪಿಯನ್ ಆದ ರಫೆಲ್ ನಡಾಲ್ ಅವರ ಪಾದದ ಅಚ್ಚನ್ನು 2025ರಲ್ಲಿ ಇಲ್ಲಿನ ಮುಖ್ಯ ಅಂಕಣವಾದ ಫಿಲಿಪ್ ಷಾತ್ರಿಯೆಯಲ್ಲಿ ಫಲಕವಾಗಿ ಅಳವಡಿಸಿದ್ದಾರೆ. ಅದನ್ನು ಕಣ್ಣಾರೆ ನೋಡಲು ನನ್ನ ಟಿಕೆಟ್ ಸಾಲದಾಯಿತು.

ನಡುವೆ ಒಂದು ಗಂಟೆ ಎದ್ದುಹೋಗಿ ಗಾಜಿನ ಸಸ್ಯಾಗಾರಗಳ ನಡುವೆ 2019ರಲ್ಲಿ ತೆರೆದ ಸಿಮೊನ್ ಮಾತ್ಯೂ ಅಂಕಣವನ್ನು ಹೊರಗಿನಿಂದ ಕಂಡು ಬಂದೆ. ಸುಂದರವಾಗಿದೆ, ಆದರೆ ಮನಸ್ಸು 14ನೇ ಅಂಕಣದಲ್ಲೇ ಇತ್ತು. ಮರಳುವಷ್ಟರಲ್ಲಿ ಯುವಕ ಎರಡು ಸೆಟ್‌ಗಳ ಸಮಬಲ ಸಾಧಿಸಿದ್ದ. ಐದನೇ ಸೆಟ್ 6-6ಕ್ಕೆ ಬಂದು ನಿಂತಿತು. 2022ರಿಂದ ಜಾರಿಯಲ್ಲಿರುವ ನಿಯಮದಂತೆ ಹತ್ತು ಪಾಯಿಂಟ್‌ಗಳ ಟೈಬ್ರೇಕ್: ಎರಡು ಪಾಯಿಂಟ್‌ಗಳ ಅಂತರವಿಟ್ಟು ಮೊದಲು ಹತ್ತು ಮುಟ್ಟಿದವರಿಗೆ ಪಂದ್ಯ. ಅದರಲ್ಲಿ ಯುವಕ 8-9ರಿಂದ ಹಿಂದಿದ್ದಾಗ ಎದುರಾಳಿಯ ಫೋರ್‌ಹ್ಯಾಂಡ್ ಅವನ ಎಡಗಡೆಯ ಮೂಲೆಗೆ, ಗೆರೆಯ ಹತ್ತಿರ ಬಿತ್ತು. ಚೆಂಡು ಹೊರಗೆಂದು ಲೈನ್ ಜಡ್ಜ್ ಕೂಗಿದರು, ಅಂಕಣವಿಡೀ ಎದ್ದು ನಿಂತಿತು. ಅಂಪೈರ್ ಕುರ್ಚಿಯ ಎರಡನೇ ಮೆಟ್ಟಿಲಿನಲ್ಲಿದ್ದಾಗಲೇ ಯುವಕ ಗುರುತಿನ ಬಳಿ ಹೋಗಿ ಬಗ್ಗಿ ನೋಡಿದ. ನಾನು ಕೂತಲ್ಲಿಂದಲೂ ಕಾಣುತ್ತಿತ್ತು, ಗುರುತಿನ ಒಂದಂಚು ಬಿಳಿ ಗೆರೆಯನ್ನು ಮುಟ್ಟಿತ್ತು. ಅವನು ಅದನ್ನು ಬೂಟಿನಿಂದ ಒರೆಸಿ, ಕೈ ಚಾಚಿಕೊಂಡು ನೆಟ್ ಕಡೆಗೆ ನಡೆದ.