ತೊಟ್ಟು ನೋಡಿ ಚೆರ್ರಿ ತನ್ನಿ

ಚೆರ್ರಿ ಕೊಳ್ಳುವಾಗ ನಾನು ಹಣ್ಣಿಗಿಂತ ಮೊದಲು ತೊಟ್ಟು ನೋಡುತ್ತೇನೆ. ತೊಟ್ಟು ಹಸಿರಾಗಿ, ಬಿಗಿಯಾಗಿದ್ದರೆ ಕೊಯ್ದು ಹೆಚ್ಚು ದಿನ ಆಗಿಲ್ಲ ಅಂತ ಅರ್ಥ. ಒಣಗಿ ಕಂದಾಗಿದ್ದರೆ ಹಣ್ಣು ಎಷ್ಟೇ ಮಿರುಗುತ್ತಿದ್ದರೂ ಮುಟ್ಟುವುದಿಲ್ಲ. ಮಾವು, ಬಾಳೆಯ ಹಾಗೆ ಇದನ್ನು ಮನೆಯಲ್ಲಿಟ್ಟು ಹಣ್ಣು ಮಾಡಲು ಬರುವುದಿಲ್ಲ. ಮರದಿಂದ ಬಿಡಿಸಿದ ದಿನ ಎಷ್ಟು ಸಿಹಿ ಇತ್ತೋ ಅಷ್ಟೇ. ಆಮೇಲೆ ಮೆತ್ತಗಾಗುತ್ತದೆ, ಸಿಹಿ ಹೆಚ್ಚುವುದಿಲ್ಲ.

ಅದಕ್ಕೇ ಇದರ ಕಾಲ ಯಾವಾಗ ಅಂತ ಕಾಯುತ್ತೇನೆ. ಉತ್ತರ ಗೋಳಾರ್ಧದಲ್ಲಿ ಹೆಚ್ಚಾಗಿ ಮೇ ತಿಂಗಳಿಂದ ಜುಲೈವರೆಗೆ. ದಕ್ಷಿಣದ ಚಿಲಿಯ ಹಣ್ಣು ನವೆಂಬರ್‌ನಿಂದ ಜನವರಿಯವರೆಗೆ. ಒಂದೊಂದು ತೋಟದಲ್ಲಂತೂ ಕೆಲವೇ ವಾರ. ಆ ಕೆಲವು ವಾರಗಳಿಗೆ ಮರ ಪಡುವ ಪಾಡು ದೊಡ್ಡದು. ಚಳಿಗಾಲದಲ್ಲಿ ನೂರಾರು ಗಂಟೆ ಚಳಿ ಉಣ್ಣದಿದ್ದರೆ ಹೂವೇ ನೆಟ್ಟಗೆ ಬಿಡುವುದಿಲ್ಲ. ಹೂ ಅರಳಿದಾಗ ಹಿಮ ಕವಿದರೆ ಫಸಲು ಕೈಬಿಟ್ಟಂತೆ. ಅದನ್ನೆಲ್ಲ ದಾಟಿ ಹಣ್ಣಾಗುವ ಹೊತ್ತಿಗೆ ಮಳೆ ಸುರಿದರೆ ನೀರು ಹೀರಿ ಸಿಪ್ಪೆ ಬಿರಿಯುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಳೆಗಾರರು ಮಳೆ ನಿಂತ ಕೂಡಲೇ ಹೆಲಿಕಾಪ್ಟರ್ ಕರೆಸಿ, ಮರಗಳ ಮೇಲೆ ತಗ್ಗಿನಲ್ಲಿ ಹಾರಿಸಿ, ಅದರ ಗಾಳಿಯಿಂದ ನೀರು ಕೊಡವಿಸುತ್ತಾರೆ. ಇದನ್ನು ತಿಳಿದ ಮೇಲೆ ಒಂದು ಹಣ್ಣನ್ನೂ ಕೊಳೆಯಲು ಬಿಡುವ ಮನಸ್ಸಾಗುವುದಿಲ್ಲ ನನಗೆ.

ತಳಿಗಳಲ್ಲಿ ನನ್ನ ಮೆಚ್ಚಿನದು ಬಿಂಗ್. ಕಪ್ಪಿಗೆ ಹತ್ತಿರದ ಕೆಂಪು, ಗಟ್ಟಿ ತಿರುಳು, ಸಿಹಿಯ ಹಿಂದೆಯೇ ಬರುವ ಹುಳಿ. 1875ರ ಸುಮಾರಿಗೆ ಅಮೆರಿಕದ ಆರೆಗಾನ್‌ನ ಸೆತ್ ಲೆವೆಲಿಂಗ್ ಅವರ ತೋಟದಲ್ಲಿ ಹುಟ್ಟಿದ ಈ ತಳಿಗೆ ಅಲ್ಲಿ ದುಡಿಯುತ್ತಿದ್ದ ಚೀನಾದ ಮೇಸ್ತ್ರಿ ಆಹ್ ಬಿಂಗ್ ಅವರ ಹೆಸರಿದೆ. ದುಡಿದವರ ಹೆಸರು ಹಣ್ಣಿನಲ್ಲಿ ಉಳಿದಿರುವುದು ನನಗೆ ತುಂಬ ಹಿಡಿಸಿದ ಸಂಗತಿ. ಹಳದಿ ಮೈಯ ರೇನಿಯರ್ ನೋಡಲು ಚೆಂದ, ಆದರೆ ನನ್ನ ನಾಲಿಗೆಗೆ ಹುಳಿ ಸಾಲದು. ಕೇಕಿನ ಮೇಲಿನ ಥಳಥಳ ಕೆಂಪು ಚೆರ್ರಿಯನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೂಲ ಬಣ್ಣ ತೆಗೆದು, ಹೊಸ ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ನೆನೆಸಿದ ಹಣ್ಣದು.

ಇನ್ನು ಆರೋಗ್ಯದ ಮಾತು. ನೂರು ಗ್ರಾಂ ಸಿಹಿ ಚೆರ್ರಿಯಲ್ಲಿ ಸುಮಾರು 63 ಕ್ಯಾಲೊರಿ, 2 ಗ್ರಾಂ ನಾರು, ಒಂದಿಷ್ಟು ಪೊಟ್ಯಾಸಿಯಂ, ಸಿ ವಿಟಮಿನ್ ಇವೆ. ಆ ಕಡು ಬಣ್ಣ ಆಂಥೋಸಯಾನಿನ್ ಎಂಬ ಸಸ್ಯವರ್ಣದ್ದು. ನನ್ನ ಅಪ್ಪನಿಗೆ ಗೌಟ್ ಎಂಬ ಕೀಲುಬೇನೆ ಇದೆ, ಕಾಲಿನ ಹೆಬ್ಬೆರಳು ಊದಿಕೊಂಡರೆ ಹೊದಿಕೆ ತಾಕಿದರೂ ನೋವು. ಹಾಗಾಗಿ 2012ರಲ್ಲಿ ಪ್ರಕಟವಾದ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನವನ್ನು ಆಸೆಯಿಂದಲೇ ಓದಿದೆ. 633 ಗೌಟ್ ರೋಗಿಗಳನ್ನು ಗಮನಿಸಿದಾಗ, ಎರಡು ದಿನ ಚೆರ್ರಿ ತಿಂದ ಅವಧಿಗಳಲ್ಲಿ ನೋವು ಮರುಕಳಿಸುವ ಸಾಧ್ಯತೆ 35 ಶೇಕಡಾ ಕಡಿಮೆ ಕಂಡಿತ್ತು. ಚೆರ್ರಿಯೇ ಇದಕ್ಕೆ ಕಾರಣ ಅಂತ ಅಷ್ಟರಿಂದ ಸಾಬೀತಾಗುವುದಿಲ್ಲ. ಅಪ್ಪ ಮಾತ್ರೆ ಬಿಟ್ಟಿಲ್ಲ, ಬಿಡಲು ನಾನು ಬಿಡುವುದೂ ಇಲ್ಲ. ಚೆರ್ರಿ ಕಾಲದಲ್ಲಿ ಅವರ ಬಟ್ಟಲು ತುಂಬಿರುವಂತೆ ಮಾತ್ರ ನೋಡಿಕೊಳ್ಳುತ್ತೇನೆ.

ಒಂದೇ ಸಲಕ್ಕೆ ಬಹಳ ತಿಂದರೆ ಅದರಲ್ಲಿರುವ ಸಾರ್ಬಿಟಾಲ್ ಎಂಬ ಸಕ್ಕರೆಯಂಥ ಪದಾರ್ಥದಿಂದ ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತದೆ. ಬೀಜವನ್ನು ಅಗಿಯಬಾರದು, ಒಳಗಿನ ಅಮಿಗ್ಡಾಲಿನ್ ಎಂಬ ಪದಾರ್ಥದಿಂದ ಸಯನೈಡ್ ವಿಷ ಹುಟ್ಟುತ್ತದೆ. ಚಿಕ್ಕ ಮಕ್ಕಳಿಗಂತೂ ಬೀಜ ತೆಗೆದು, ಹೆಚ್ಚಿಯೇ ಕೊಡಿ.

ತಂದ ಹಣ್ಣನ್ನು ತೊಳೆಯದೆ, ತೊಟ್ಟು ಕೀಳದೆ ಫ್ರಿಜ್ಜಿನಲ್ಲಿಡಿ. ತಿನ್ನುವ ಮುಂಚೆ ತೊಳೆದರಾಯಿತು. ತೇವ ಉಳಿದರೆ ಬೂಷ್ಟು ಬೇಗ ಹಿಡಿಯುತ್ತದೆ. ಸೀಸನ್ನಿನ ಕೊನೆಗೆ ಸಿಕ್ಕಷ್ಟನ್ನು ಬೀಜ ತೆಗೆದು, ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಫ್ರೀಜರಿಗೆ ಹಾಕಿ, ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬುತ್ತೇನೆ. ಪೂರ್ತಿ ಕರಗಿದರೆ ಮೆತ್ತಗಾಗಿಬಿಡುತ್ತದೆ. ಅರ್ಧ ಕರಗಿದಾಗಲೇ ತಿನ್ನಬೇಕು.